ಆಟಗಾರರು ನಾನು ಬರೆದಿಟ್ಟ ಕಥೆಯ ದಾರಿಗೇ ಬರುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಈಚೆಗೆ ಗೆಳೆಯರಿಗಾಗಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ನಡೆಸಲು ಶುರುಮಾಡಿದ್ದೇನೆ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ ಇದು, ಲೋಕವನ್ನೂ ಉಳಿದ ಪಾತ್ರಗಳನ್ನೂ ನಡೆಸುವ ಗೇಮ್ ಮಾಸ್ಟರ್ ನಾನು. ಪ್ರತಿ ಸಲ ಗಂಟೆಗಟ್ಟಲೆ ಕೂತು ಕಥೆ, ನಕ್ಷೆ, ಮಾತುಕತೆ ಎಲ್ಲ ಬರೆದಿಟ್ಟುಕೊಳ್ಳುತ್ತೇನೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅವರು ನಾನು ಯೋಚಿಸಿಯೇ ಇರದ ಕಡೆಗೆ ಹೊರಟುಬಿಡುತ್ತಾರೆ. ಎಳೆದು ತಂದರೆ ಅವರ ಮುಖ ಬಾಡುತ್ತದೆ, ಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅನುಭವಿ ಗೇಮ್ ಮಾಸ್ಟರ್‌ಗಳು ಇದನ್ನು ಹೇಗೆ ನಿಭಾಯಿಸುತ್ತಾರೆ?

ಉತ್ತರ: ಗೇಮ್ ಮಾಸ್ಟರ್ ಕುರ್ಚಿಯಲ್ಲಿ ಕೂತವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆ ಇದು. ನಿಮ್ಮ ಗೆಳೆಯರು ಆಟ ಕೆಡಿಸುತ್ತಿಲ್ಲ. ನೀವು ಪಡುತ್ತಿರುವ ಶ್ರಮವೂ ದಂಡವಲ್ಲ, ಅದು ಬೀಳುತ್ತಿರುವ ಜಾಗ ಮಾತ್ರ ಬದಲಾಗಬೇಕು.

ಈ ಆಟವೇ ಹುಟ್ಟಿದ್ದು ಆಟಗಾರರು ದಾರಿ ತಪ್ಪಿದ್ದರಿಂದ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಯುದ್ಧದಾಟದ ಗೆಳೆಯರಿಗಾಗಿ ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರನ್ನು ಸಿದ್ಧಮಾಡಿದರು. ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕಿನ ಯಜಮಾನನಂಥ ಪಾತ್ರಗಳನ್ನೂ ಹಂಚಿದರು. ಯುದ್ಧ ಶುರುವಾಗುವುದಕ್ಕೆ ಮುಂಚೆಯೇ ಆಟಗಾರರು ತಮ್ಮ ತಮ್ಮಲ್ಲೇ ಸಂಚು ಹೂಡತೊಡಗಿದರು. ಇಬ್ಬರು ದ್ವಂದ್ವಯುದ್ಧ ಆಡುತ್ತೇವೆಂದು ಬಂದು ನಿಂತಾಗ ವೆಸ್ಲಿ ಅದಕ್ಕೊಂದು ನಿಯಮವನ್ನು ಅಲ್ಲೇ ಹುಟ್ಟಿಸಬೇಕಾಯಿತು. ಆಟ ಕೆಟ್ಟಿತು ಅಂದುಕೊಂಡೇ ಅವರು ಅದನ್ನು ಮುಗಿಸಿದರು. ಆಟಗಾರರು ಮಾತ್ರ ಮತ್ತೆ ಯಾವಾಗ ಎಂದು ಬೆನ್ನುಬಿದ್ದರು. ಆ ಗುಂಪಿನ ಡೇವ್ ಆರ್ನೆಸನ್ ಮುಂದೆ ಅದೇ ಬಗೆಯಲ್ಲಿ ಬ್ಲ್ಯಾಕ್‌ಮೂರ್ ಎಂಬ ಲೋಕ ಕಟ್ಟಿದರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಹೊರತಂದದ್ದೇ ನೀವೀಗ ನಡೆಸುತ್ತಿರುವ ಆಟ. ನಿಮ್ಮ ಮೇಜಿನಲ್ಲಿ ಆಗುತ್ತಿರುವುದು ಮೊದಲ ದಿನದಿಂದಲೂ ಇದರ ಸ್ವಭಾವ.

ಹಾಗಾದರೆ ಏನನ್ನು ಬರೆದಿಟ್ಟುಕೊಳ್ಳಬೇಕು? ‘ಮೊದಲು ಹೀಗಾಗುತ್ತದೆ, ಆಮೇಲೆ ಹೀಗಾಗುತ್ತದೆ’ ಎಂದು ಬರೆಯುವುದನ್ನು ಬಿಡಿ. ಯಾರಿಗೆ ಏನು ಬೇಕು, ಅದಕ್ಕಾಗಿ ಅವರು ಏನು ಮಾಡಲು ತಯಾರಿದ್ದಾರೆ ಎಂದಷ್ಟೇ ಬರೆಯಿರಿ. ಒಂದು ಸಂಜೆಯ ಆಟಕ್ಕೆ ನಾನು ಬರೆದುಕೊಳ್ಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

ಕೋಟೆಯ ಅಧಿಕಾರಿ ಸೇತುವೆಯ ಸುಂಕವನ್ನು ಮೂರು ಪಟ್ಟು ಏರಿಸಿದ್ದಾನೆ. ಮಗ ಶತ್ರುಗಳ ಸೆರೆಯಲ್ಲಿದ್ದಾನೆ, ಬಿಡಿಸಿಕೊಳ್ಳಲು ಹಣ ಬೇಕು, ಈ ಸುದ್ದಿ ಹೊರಗೆ ಗೊತ್ತಾಗಬಾರದು. ಕಾವಲುಗಾರರಿಗೆ ಎರಡು ತಿಂಗಳಿಂದ ಸಂಬಳವಿಲ್ಲ. ದೋಣಿ ನಡೆಸುವ ಹೆಂಗಸು ರಾತ್ರಿ ಹೊತ್ತು ಕದ್ದು ಜನರನ್ನು ದಾಟಿಸುತ್ತಾಳೆ, ಹೊಸಬರನ್ನು ನಂಬುವುದಿಲ್ಲ. ಯಾರೂ ಏನೂ ಮಾಡದಿದ್ದರೆ ಮೂರನೇ ರಾತ್ರಿ ಕಾವಲುಗಾರರು ದಂಗೆ ಏಳುತ್ತಾರೆ.

ಇಷ್ಟೇ. ಆಟಗಾರರು ಕೋಟೆಗೆ ಕನ್ನ ಹಾಕಲಿ, ದೋಣಿ ಹತ್ತಲಿ, ನಾನು ಊಹಿಸಿಯೇ ಇರದಂತೆ ಒಬ್ಬ ಕಾವಲುಗಾರನ ಪಕ್ಕ ಕೂತು ‘ಮನೆ ಕಡೆ ಹೇಗಣ್ಣ?’ ಎಂದು ವಿಚಾರಿಸಲಿ, ಉತ್ತರ ಕೊಡಲು ನನ್ನ ಹತ್ತಿರ ಸಾಮಗ್ರಿ ಇದೆ. ಸಂಬಳ ಬಾರದ ಕಾವಲುಗಾರ ಏನು ಹೇಳುತ್ತಾನೆಂದು ಮೊದಲೇ ಬರೆದಿಡಬೇಕಾಗಿಲ್ಲ, ಅವನ ಕಷ್ಟ ಗೊತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಎಲ್ಲಕ್ಕಿಂತ ಕೊನೆಯ ಸಾಲು ಮುಖ್ಯ. ಆಟಗಾರರು ಗೊಂದಲದಲ್ಲಿ ನಿಂತುಬಿಟ್ಟರೂ ಲೋಕ ನಿಲ್ಲುವುದಿಲ್ಲ, ಬೀದಿಯಲ್ಲಿ ಗದ್ದಲ ಕೇಳುತ್ತದೆ, ಅವರು ಏನಾದರೊಂದು ಮಾಡಲೇಬೇಕಾಗುತ್ತದೆ. ಇದರ ಜೊತೆಗೆ ಹತ್ತು ಹನ್ನೆರಡು ಹೆಸರುಗಳ ಪಟ್ಟಿ ಪಕ್ಕದಲ್ಲಿರಲಿ. ದಾರಿಯಲ್ಲಿ ಸಿಕ್ಕ ಅಪರಿಚಿತನ ಹೆಸರು ಕೇಳಿದಾಗ ತಡವರಿಸದೆ ಹೇಳಿದರೆ ಅವನು ನಿಜವಾಗಿ ಅಲ್ಲಿ ವಾಸವಾಗಿದ್ದವನಂತೆ ಅನ್ನಿಸುತ್ತಾನೆ.

ಆಟ ಹಳಿ ತಪ್ಪಿಸುವುದರಲ್ಲಿ ದಾಳದ ಪಾಲೂ ಇದೆ, ಇದರ ಲೆಕ್ಕ ಹಾಕದೆ ಅನೇಕರು ಕಷ್ಟಕ್ಕೆ ಸಿಲುಕುತ್ತಾರೆ. ನಾಲ್ವರು ಸದ್ದಿಲ್ಲದೆ ಕೋಟೆಯೊಳಗೆ ನುಗ್ಗಬೇಕು ಅಂದುಕೊಳ್ಳಿ. ದಾಳದಲ್ಲಿ ಬಿದ್ದ ಸಂಖ್ಯೆಗೆ ಪಾತ್ರದ ಬೋನಸ್ ಸೇರಿಸಿದಾಗ ಗುರಿ ಮುಟ್ಟಿದರೆ ಗೆದ್ದಂತೆ. ಇಲ್ಲಿ ಗುರಿ 10, ಪ್ರತಿಯೊಬ್ಬರಿಗೂ 3ರ ಬೋನಸ್. ಇಪ್ಪತ್ತು ಮುಖದ ದಾಳದಲ್ಲಿ 7 ಅಥವಾ ಹೆಚ್ಚು ಬಿದ್ದರೆ ಸಾಕು, ಅಂದರೆ ಒಬ್ಬೊಬ್ಬರ ಗೆಲುವಿನ ಸಾಧ್ಯತೆ ಶೇ. 70. ಸುಲಭ ಅನ್ನಿಸುತ್ತದೆ. ಆದರೆ ನಾಲ್ವರೂ ಗೆಲ್ಲಲೇಬೇಕು ಎಂದು ನೀವು ಹಟ ಹಿಡಿದರೆ ಸಾಧ್ಯತೆ ಶೇ. 24ಕ್ಕೆ ಇಳಿಯುತ್ತದೆ. ಈ ಆಟದ ನಿಯಮಗಳ ಐದನೇ ಆವೃತ್ತಿಯಲ್ಲಿ ಇದಕ್ಕಾಗಿಯೇ ಗುಂಪು ಪರೀಕ್ಷೆಯ ನಿಯಮವಿದೆ, ಅರ್ಧದಷ್ಟು ಜನ ಗೆದ್ದರೆ ಇಡೀ ಗುಂಪು ಗೆದ್ದಂತೆ. ಅದೇ ನಾಲ್ವರಿಗೆ ಈಗ ಸಾಧ್ಯತೆ ಸುಮಾರು ಶೇ. 92. ಒಂದೇ ಯೋಜನೆ, ಒಂದೇ ದಾಳ, ಆದರೆ ನೀವು ಯಾವ ನಿಯಮ ಹಿಡಿದಿರಿ ಎಂಬುದರ ಮೇಲೆ ಸಂಜೆಯ ಕಥೆಯೇ ಬೇರೆಯಾಗುತ್ತದೆ. ಸುಳಿವುಗಳಿಗೂ ಇದೇ ಮಾತು. ಆಟಗಾರರು ತಿಳಿಯಲೇಬೇಕಾದ ಸಂಗತಿಯೊಂದಿದ್ದರೆ ಅದನ್ನು ಒಂದೇ ಬೀಗದ ಹಿಂದೆ ಇಡಬೇಡಿ, ಮೂರು ಕಡೆ ಇಡಿ. ಒಂದನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ.

ಎಳೆದು ತರುವ ವಿಷಯಕ್ಕೆ ಬರುತ್ತೇನೆ. ಕೆಲವರು ಒಂದು ಉಪಾಯ ಹೇಳಿಕೊಡುತ್ತಾರೆ: ಆಟಗಾರರು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನೀವು ಸಿದ್ಧಮಾಡಿದ ರಾಕ್ಷಸನೇ ಎದುರಾಗಲಿ, ಅವರಿಗೇನು ಗೊತ್ತಾಗುತ್ತದೆ ಎಂದು. ಎರಡು ದಾರಿಗಳ ಬಗ್ಗೆ ಅವರಿಗೆ ಏನೂ ತಿಳಿದಿಲ್ಲದಿದ್ದರೆ ಇದರಿಂದ ನಷ್ಟವಿಲ್ಲ. ಆದರೆ ಅವರು ಹಳ್ಳಿಯವರನ್ನು ವಿಚಾರಿಸಿ, ಹೆಜ್ಜೆ ಗುರುತು ಹುಡುಕಿ, ರಾಕ್ಷಸನನ್ನು ತಪ್ಪಿಸಲೆಂದೇ ಬಲದ ದಾರಿ ಹಿಡಿದಿದ್ದರೆ ಅವನನ್ನು ತಂದು ಅಲ್ಲಿ ನಿಲ್ಲಿಸುವುದು ಮೋಸ. ಅವರ ಬುದ್ಧಿಗೆ ಬೆಲೆಯಿಲ್ಲ ಎಂದು ಹೇಳಿದಂತಾಗುತ್ತದೆ. ಒಮ್ಮೆ ಅದು ಅರಿವಿಗೆ ಬಂದರೆ ಆಟಗಾರರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ, ನೀವು ಹೇಳಿದ ಕಡೆ ತಲೆಯಾಡಿಸಿಕೊಂಡು ಬರುತ್ತಾರೆ. ದಾರಿ ತಪ್ಪುವ ಗುಂಪಿಗಿಂತ ಅಂಥ ಗುಂಪನ್ನು ನಡೆಸುವುದು ಬಹಳ ಕಷ್ಟ.

ಇದರ ಅರ್ಥ ನೀವು ಎಲ್ಲಕ್ಕೂ ಹೂಂ ಅನ್ನಬೇಕೆಂದಲ್ಲ. ಇಡೀ ರಾಜ್ಯ ಬಿಟ್ಟು ಹಡಗು ಹತ್ತುತ್ತೇವೆ ಎಂದು ಅವರು ಹೊರಟರೆ ‘ಇವತ್ತಿಗೆ ನನ್ನ ಹತ್ತಿರ ಈ ಊರು ಮಾತ್ರ ಸಿದ್ಧವಿದೆ, ಹಡಗು ಮುಂದಿನ ವಾರ’ ಎಂದು ನೇರವಾಗಿ ಹೇಳಿ. ಎದುರಿಗೆ ಕೂತವರು ನಿಮ್ಮ ಗೆಳೆಯರು, ಅರ್ಥವಾಗುತ್ತದೆ. ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಮುಂದುವರಿಸುವ ಒಂದೇ ಕಥೆ, ಶುರುವಾಗುವ ಮೊದಲು ಎಲ್ಲರೂ ಕೂತು ಯಾವ ಬಗೆಯ ಕಥೆ ಬೇಕು, ಯಾವ ವಿಷಯ ಬೇಡವೇ ಬೇಡ ಎಂದು ಮಾತಾಡಿಕೊಂಡರೆ ಇಂಥ ತಿಕ್ಕಾಟ ಅರ್ಧಕ್ಕರ್ಧ ಕಡಿಮೆ. ನಡುವೆ ತೋಚದೆ ಹೋದಾಗ ಹತ್ತು ನಿಮಿಷದ ಬಿಡುವು ಕೇಳುವುದರಲ್ಲಿ ನಾಚಿಕೆಯಿಲ್ಲ. ನಾನಂತೂ ಬಿಡುವು ಕೇಳುವವರನ್ನು ಕಂಡರೆ ಗೌರವ ಕೊಡುತ್ತೇನೆ, ಏನೋ ಒಂದು ಹೇಳಿ ದಾಟಿಸುವುದಕ್ಕಿಂತ ಅದು ಆಟದ ಮೇಲಿನ ಅಕ್ಕರೆ.

ಗೇಮ್ ಮಾಸ್ಟರ್ ಕೆಲಸ ದಣಿಸುತ್ತದೆ. ಎಲ್ಲರ ಮಾತು ಕೇಳಬೇಕು, ನಿಯಮ ನೆನಪಿಡಬೇಕು, ಮೌನವಾಗಿ ಕೂತವರನ್ನು ಗಮನಿಸಬೇಕು, ಎಲ್ಲರಿಗೂ ಹೊಂದುವ ದಿನ ಹುಡುಕುವ ಗೋಳಂತೂ ಹೇಳುವುದೇ ಬೇಡ. ಆದರೂ ಜನ ಈ ಕುರ್ಚಿ ಬಿಡುವುದಿಲ್ಲ. ಸೆರೆಯಲ್ಲಿರುವ ಮಗನನ್ನು ಬಿಡಿಸಬೇಕೋ, ಅಧಿಕಾರಿಯ ಗುಟ್ಟು ಬಯಲು ಮಾಡಬೇಕೋ ಎಂದು ನಾಲ್ವರು ಆಟಗಾರರು ತಮ್ಮತಮ್ಮಲ್ಲೇ ಇಪ್ಪತ್ತು ನಿಮಿಷ ವಾದಕ್ಕೆ ಬೀಳುತ್ತಾರೆ, ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಅರ್ಧ ಸಾಲಿನಲ್ಲಿ ಬರೆದ ಹುಡುಗನ ಬಗ್ಗೆ ಅವರಿಗೆ ನಿಜವಾದ ಕಾಳಜಿ ಹುಟ್ಟಿರುತ್ತದೆ. ಕಥೆಯ ಕೊನೆ ಮೊದಲೇ ಗೊತ್ತಿದ್ದರೆ ನಿಮಗೆ ಈ ಸುಖ ಸಿಗುವುದಿಲ್ಲ. ಆಗ ಬಾಯಿ ಹಾಕಬೇಡಿ, ಕೇಳಿಸಿಕೊಳ್ಳಿ, ಬೇಕಿದ್ದರೆ ಗುರುತು ಹಾಕಿಕೊಳ್ಳಿ. ಮುಂದಿನ ವಾರದ ತಯಾರಿಯ ಮುಕ್ಕಾಲು ಪಾಲು ಆ ವಾದದಲ್ಲೇ ಇರುತ್ತದೆ.

ಒಂದು ಅಭ್ಯಾಸವನ್ನು ಈ ವಾರದಿಂದಲೇ ಶುರುಮಾಡಬಹುದು. ಸೆಷನ್ ಮುಗಿದು ಎಲ್ಲರೂ ಏಳುವ ಮುನ್ನ ‘ಮುಂದಿನ ಸಲ ಏನು ಮಾಡಬೇಕೆಂದಿದ್ದೀರಿ?’ ಎಂದು ಕೇಳಿ. ದೋಣಿಯವಳನ್ನು ಹುಡುಕುತ್ತೇವೆ ಎಂದರೆ ಮನೆಗೆ ಹೋಗಿ ದೋಣಿಯವಳ ಬಗ್ಗೆ ಮಾತ್ರ ಬರೆಯಿರಿ: ಅವಳಿಗೆ ಏನು ಬೇಕು, ಯಾರ ಭಯ, ಏನು ಕೊಟ್ಟರೆ ನಂಬುತ್ತಾಳೆ. ಕೋಟೆಯ ನಕ್ಷೆಯನ್ನು ಹರಿದು ಹಾಕಬೇಡಿ, ಇನ್ನೊಂದು ಕೋಟೆಗೆ ಆಗುತ್ತದೆ.