ನಾಲ್ಕು ವಾರದ ಇಂಟರ್ನ್‌ಶಿಪ್, ವರ್ಷಗಟ್ಟಲೆಯ ಕೇಸು

ಪರೀಕ್ಷೆ ಮುಗಿದು ರಜೆ ಬಿಟ್ಟ ಕೂಡಲೇ ಮಹಿಳಾ ಹಕ್ಕುಗಳ ಸಂಸ್ಥೆಗಳಿಗೆ ಕಾನೂನು ವಿದ್ಯಾರ್ಥಿಗಳು ಬರತೊಡಗುತ್ತಾರೆ. ಕೈಯಲ್ಲಿ ಕಾಲೇಜಿನ ಪತ್ರ, ಬ್ಯಾಗಿನಲ್ಲಿ ಡೈರಿ, ಮುಂದೆ 4 ವಾರ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಹೆಂಗಸಿಗೆ ಕೋರ್ಟು ಕೊಟ್ಟಿರುವ ಮುಂದಿನ ತಾರೀಖು 6 ವಾರದ ಆಚೆಗಿರುತ್ತದೆ. ಇಂಟರ್ನ್‌ಗಳಿಗೆ ಹಣ ಕೊಡಬೇಕೇ, ಡೈರಿಯಲ್ಲಿ ಏನು ಬರೆಯಬಹುದು, ಆನ್‌ಲೈನಲ್ಲಿ ಕೆಲಸ ಕಲಿಯಲಾದೀತೇ, ಕನ್ನಡ ಬಾರದವರನ್ನು ತೆಗೆದುಕೊಂಡರೆ ಏನು ಮಾಡಿಸುವುದು ಎಂಬ ಈಗಿನ ವಾದಗಳು ಬೇರೆಬೇರೆಯಾಗಿ ಕಂಡರೂ, ಬುಡಕ್ಕೆ ಹೋದರೆ ವಿದ್ಯಾರ್ಥಿಯ ಲೆಕ್ಕದ ದಿನಗಳಿಗೂ ಆ ಹೆಂಗಸಿನ ಕೇಸಿನ ದಿನಗಳಿಗೂ ತಾಳೆಯಾಗದಿರುವುದೇ ಸಿಗುತ್ತದೆ.

ಕಾನೂನು ಕಾಲೇಜಿಗೂ ಮಹಿಳಾ ಚಳವಳಿಗೂ ನಂಟು ಬೆಳೆದದ್ದು ಇಂಟರ್ನ್‌ಶಿಪ್ ಎಂಬ ಮಾತು ಬಳಕೆಗೆ ಬರುವ ಮೊದಲೇ. 1978ರಲ್ಲಿ, ಪೊಲೀಸ್ ಠಾಣೆಯಲ್ಲಿ ಅತ್ಯಾಚಾರವಾಯಿತೆಂದು ದೂರಿದ ಮಥುರಾ ಎಂಬ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿದಾಗ, ಮರುವರ್ಷ ಬಹಿರಂಗ ಪತ್ರ ಬರೆದು ಪ್ರಶ್ನಿಸಿದವರು ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು. ಬೆಂಗಳೂರಿನಲ್ಲಿ ವಿಮೋಚನಾ ಎಂಬ ಮಹಿಳಾ ಸಂಘಟನೆ ಶುರುವಾದದ್ದೂ 1979ರಲ್ಲೇ. ಆಮೇಲೆ 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ ದಂಡ ಸಂಹಿತೆಯ 498ಎ, 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯ್ದೆ, 1987ರಲ್ಲಿ ಉಚಿತ ಕಾನೂನು ನೆರವಿಗಾಗಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1997ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ವಿಶಾಖಾ ತೀರ್ಪು ಬಂದವು. ಒಂದೊಂದೂ ಸಂಸ್ಥೆಗಳ ಮೇಜಿಗೆ ಹೊಸ ಬಗೆಯ ಕಾಗದಪತ್ರ ತಂದಿತು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ತಂಡ ತರಗತಿಗೆ ಕೂತಿತು. ಐದು ವರ್ಷದ ಓದು, ರಜೆಯಲ್ಲಿ ಹೊರಗಿನ ಕೆಲಸ ಎಂಬ ಕ್ರಮ ಅಲ್ಲಿಂದ ಉಳಿದ ಕಾಲೇಜುಗಳಿಗೂ ಹಬ್ಬಿತು.

ಇಂಟರ್ನ್‌ಶಿಪ್ ಕಡ್ಡಾಯವಾದದ್ದು ವಕೀಲಿಕೆಯನ್ನೂ ಕಾನೂನು ಶಿಕ್ಷಣವನ್ನೂ ನಿಯಂತ್ರಿಸುವ ಬಾರ್ ಕೌನ್ಸಿಲ್‌ನ 2008ರ ನಿಯಮಗಳಿಂದ. ಐದು ವರ್ಷದ ಕೋರ್ಸಿನವರಿಗೆ ಒಟ್ಟು 20 ವಾರ, ಮೂರು ವರ್ಷದವರಿಗೆ 12 ವಾರ. ಸಂಘಸಂಸ್ಥೆ, ವಕೀಲರ ಕಚೇರಿ, ನ್ಯಾಯಾಂಗ, ಕಂಪನಿ ಎಲ್ಲಿ ಬೇಕಾದರೂ ಮಾಡಬಹುದು. ಒಮ್ಮೆಯಾದರೂ ವಕೀಲರ ಬಳಿ ಮಾಡಿರಬೇಕು. ಒಂದು ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಈ ಕೊನೆಯ ಷರತ್ತೇ ಮಹಿಳಾ ಸಂಸ್ಥೆಗಳ ದಿನನಿತ್ಯದ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿತು. ಕಂಪನಿಯಲ್ಲಿ ಒಂದು ಕರಾರುಪತ್ರವನ್ನು 4 ವಾರದಲ್ಲಿ ಓದಿ ಮುಗಿಸಬಹುದು. ಮನೆಯಿಂದ ಹೊರದಬ್ಬಿಸಿಕೊಂಡ ಹೆಣ್ಣುಮಗಳ ಕಥೆ ಆ ಅಳತೆಗೆ ಸಿಗುವುದಿಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತ್ತು. ಹಾಗಾಗಿ 2008ರ ನಂತರ ಬಂದ ವಿದ್ಯಾರ್ಥಿಗಳ ಪಾಲಿಗೆ ಮುಖ್ಯವಾಗಿ ಬಿದ್ದದ್ದು ಈ ಕಾಯ್ದೆಯ ಕಡತಗಳೇ. ಮ್ಯಾಜಿಸ್ಟ್ರೇಟರ ಬಳಿ ಪರಿಹಾರ ಕೋರುವ ಸೆಕ್ಷನ್ 12ರ ಅರ್ಜಿಗೆ ಫಾರಂ 2, ತುರ್ತು ಮಧ್ಯಂತರ ಆದೇಶ ಕೇಳಲು ಫಾರಂ 3ರ ಪ್ರಮಾಣಪತ್ರ, ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ಅಥವಾ ನೋಂದಾಯಿತ ಸೇವಾ ಸಂಸ್ಥೆ ಬರೆಯುವ ಕೌಟುಂಬಿಕ ಘಟನಾ ವರದಿಗೆ ಫಾರಂ 1. ಮೊದಲ ವಿಚಾರಣೆ 3 ದಿನದೊಳಗೆ ನಡೆಯಬೇಕು, 60 ದಿನದಲ್ಲಿ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಅಂಗನವಾಡಿಗಳ ಉಸ್ತುವಾರಿಯ ಮೇಲೆ ಇದೂ ಸೇರಿದೆ. ನೋಟಿಸು ಜಾರಿಯಾಗದೆ ವಾಪಸು ಬಂದಿತೆಂದರೆ 60 ದಿನ ಅಲ್ಲೇ ಕರಗಿತು.

ಈ ಕಡತದಲ್ಲಿ ವಿದ್ಯಾರ್ಥಿಗೆ ಮೊದಲು ಸಿಗುವ ಕೆಲಸ ಘಟನೆಗಳ ಪಟ್ಟಿ. ಸುಲಭವೆಂದು ಹೊಸಬರ ಕೈಗೆ ಕೊಡುತ್ತಾರೆ. ಕೇಸು ಕೆಡುವುದೂ ಇಲ್ಲೇ. ಹೆಂಗಸರು ತಮ್ಮ ಕಥೆಯನ್ನು ತಾರೀಖಿನ ಲೆಕ್ಕದಲ್ಲಿ ಹೇಳುವುದಿಲ್ಲ. "ಮಗಳ ನಾಮಕರಣಕ್ಕೆ ಎರಡು ದಿನ ಇತ್ತು", "ಆಷಾಢಕ್ಕೆ ತವರಿಗೆ ಹೋಗಿ ಬಂದ ಮೇಲೆ", "ಆ ವರ್ಷದ ಯುಗಾದಿ ಹಿಂದಿನ ರಾತ್ರಿ" ಎನ್ನುತ್ತಾರೆ. ಅದನ್ನು ಹಾಗೆಯೇ ಅವರದೇ ಮಾತಿನಲ್ಲಿ ಮೊದಲು ಬರೆದುಕೊಳ್ಳಬೇಕು. ಆಮೇಲೆ ಪಕ್ಕದ ಕಾಲಂನಲ್ಲಿ ಪಂಚಾಂಗ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ನೋಡಿ ದಿನ ಹಾಕಬೇಕು. 2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು, ಆದ್ದರಿಂದ ಹಿಂದಿನ ರಾತ್ರಿ ಎಂದರೆ 21. ಆಧಾರ ಸಿಗದಿದ್ದರೆ "ಆಸುಪಾಸು" ಎಂದೇ ಬರೆಯಬೇಕು. ಅರ್ಜಿ ಅಚ್ಚುಕಟ್ಟಾಗಿ ಕಾಣಲೆಂದು ಊಹೆಯ ತಾರೀಖು ಹಾಕಿದರೆ, ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಅದೇ ತಾರೀಖು ಎದುರು ನಿಲ್ಲುತ್ತದೆ. ಆಗ ಉತ್ತರಿಸಬೇಕಾದವಳು ಅವಳು. ತಾರೀಖು ಹಾಕಿದ ವಿದ್ಯಾರ್ಥಿ ಅಷ್ಟುಹೊತ್ತಿಗೆ ವಕೀಲಿಕೆಯ ಸನ್ನದು ಪಡೆದು ಬೇರೆ ಊರಿನಲ್ಲಿರುತ್ತಾರೆ.

ದೈಹಿಕ, ಲೈಂಗಿಕ, ಮೌಖಿಕ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಫಾರಂ 1ರಲ್ಲಿ ಹಿಂಸೆಯ ಬಗೆಗಳಿವೆ. ವಿದ್ಯಾರ್ಥಿಗಳು ಹೊಡೆತವನ್ನು ಬಿಡದೆ ಬರೆಯುತ್ತಾರೆ. ಆರ್ಥಿಕ ಭಾಗ ಖಾಲಿ ಉಳಿಯುತ್ತದೆ. ಎಟಿಎಂ ಕಾರ್ಡ್ ಯಾರ ಹತ್ತಿರ ಇರುತ್ತಿತ್ತು, ತವರಿನ ಒಡವೆ ಯಾವ ಬ್ಯಾಂಕಿನಲ್ಲಿ ಅಡವಿದೆ, ಸಂಘದ ಸಾಲ ಯಾರ ಹೆಸರಿನಲ್ಲಿ ಎತ್ತಿದರು, ರೇಷನ್ ಚೀಟಿಯಿಂದ ಹೆಸರು ತೆಗೆಸಿದರೇ ಎಂದು ಬಿಡಿಬಿಡಿಯಾಗಿ ಕೇಳದಿದ್ದರೆ ಅವಳಾಗಿ ಹೇಳುವುದಿಲ್ಲ, ಏಕೆಂದರೆ ಅದನ್ನು ಹಿಂಸೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಫೋನಿನ ಸಾಕ್ಷ್ಯ ಇನ್ನೊಂದು ತೊಡಕಿನ ಜಾಗ. ವಾಟ್ಸ್ಆ್ಯಪ್ ಸಂದೇಶವನ್ನು ಸಂಸ್ಥೆಯ ನಂಬರಿಗೆ ಫಾರ್ವರ್ಡ್ ಮಾಡಿಸಿದರೆ ಯಾರು, ಯಾವಾಗ ಕಳಿಸಿದ್ದು ಎಂಬುದು ಹೋಗಿಬಿಡುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ವೇಳೆ, ಕಳಿಸಿದವರ ನಂಬರು ಕಾಣಬೇಕು. ಗಂಡನ ನಂಬರು ಬೇರೆ ಹೆಸರಿನಲ್ಲಿ ಸೇವ್ ಆಗಿದ್ದರೆ ಕಾಂಟ್ಯಾಕ್ಟ್ ಪುಟದ ಚಿತ್ರವನ್ನೂ ತೆಗೆದಿಡಬೇಕು. ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಗೆಂದೇ ಇರುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿಗಿಂತ ಭಿನ್ನವಾಗಿ ಇದಕ್ಕೆ ಎರಡು ಭಾಗಗಳಿವೆ. ಒಂದನ್ನು ಸಾಕ್ಷ್ಯ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ದಾಖಲೆ ಬದಲಾಗಿಲ್ಲವೆಂದು ತಾಳೆ ನೋಡಲು ಬೇಕಾದ ಅಂಕಿಅಕ್ಷರಗಳ ಗುರುತಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಫೋನ್ ಮಾರದಂತೆ, ರೀಸೆಟ್ ಮಾಡದಂತೆ ಅವಳಿಗೆ ಮೊದಲ ದಿನವೇ ಹೇಳಬೇಕು.

ಕಚೇರಿಯ ಕಂಪ್ಯೂಟರಿನಲ್ಲಿರುವ ಹಳೆಯ ಕರಡುಗಳೂ ಕೈಕೊಡುತ್ತವೆ. ಪ್ರತಿವಾದಿ "ವಯಸ್ಕ ಪುರುಷ"ನೇ ಆಗಿರಬೇಕೆಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲೇ ಕೌಟುಂಬಿಕ ಹಿಂಸೆಯ ಕಾಯ್ದೆಯಿಂದ ಹೊಡೆದುಹಾಕಿದೆ. ಮನೆ ಅತ್ತೆಮಾವನ ಹೆಸರಿನಲ್ಲಿದ್ದರೆ ಸೊಸೆಗೆ ವಾಸದ ಹಕ್ಕು ಕೇಳಲಾಗದೆಂಬ 2006ರ ನಿಲುವು 2020ರ ಸತೀಶ್ ಚಂದರ್ ಅಹುಜಾ ತೀರ್ಪಿನಲ್ಲಿ ಬಿದ್ದುಹೋಗಿದೆ. ಆದರೂ ಹಳೆಯ ವಾಕ್ಯಗಳು ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇರುತ್ತವೆ. ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದ 2024ರ ಜುಲೈ 1ರಿಂದ ಗೋಜಲು ಇನ್ನೂ ಹೆಚ್ಚಿದೆ. ಆ ದಿನಕ್ಕೆ ಮೊದಲಿನ ಕ್ರೌರ್ಯಕ್ಕೆ 498ಎ, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. ಹೊಸ ಜೀವನಾಂಶದ ಅರ್ಜಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರ ಅಡಿ. ಕಿರುಕುಳ ಎರಡೂ ಕಾಲಕ್ಕೆ ಚಾಚಿದ್ದರೆ ಎರಡನ್ನೂ ಬಿಡಿಸಿ ಬರೆಯಬೇಕು.

ಜೀವನಾಂಶದಲ್ಲಿ 2020ರ ರಜನೇಶ್-ನೇಹಾ ತೀರ್ಪಿನಿಂದ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಕಡ್ಡಾಯ. ಕೃಷಿಕರಿಗೆ ಬೇರೆಯೇ ನಮೂನೆಯಿದೆ, ಅದಕ್ಕೆ ಪಹಣಿ ತೆಗೆಸಬೇಕು. ಅವಳು ಹೊಲಿಗೆಯಿಂದ ತಿಂಗಳಿಗೆ 3,000 ದುಡಿಯುತ್ತಿದ್ದರೆ ಅದನ್ನು ಬರೆಯಲೇಬೇಕು. ಮುಚ್ಚಿಟ್ಟದ್ದು ಹೊರಬಂದರೆ ಉಳಿದ ಮಾತನ್ನೂ ಕೋರ್ಟು ನಂಬುವುದಿಲ್ಲ. ಬಾಕಿ ವಸೂಲಿಗೆ ಹಣ ಕೊಡಬೇಕಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು ಇಂಟರ್ನ್ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸಗಳಲ್ಲೊಂದು.

ಮಾಡಬಾರದ್ದೂ ಇದೆ. ವಿದ್ಯಾರ್ಥಿ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಕಪ್ಪು ಕೋಟು ಹಾಕಿ ಕಾಯುವ ಕೋಣೆಯಲ್ಲಿ ಕೂತರೆ ಬಂದವರು ಲಾಯರಮ್ಮ ಎಂದುಕೊಂಡು "ಕೇಸು ಗೆಲ್ತದಾ ಮೇಡಂ" ಎಂದು ಕೇಳುತ್ತಾರೆ; ಕನಿಕರದಿಂದ ಹೂಂ ಎಂದದ್ದು ಆಮೇಲೆ ಭಾರವಾಗುತ್ತದೆ. ಅವಳ ಫೋನ್ ಮನೆಯಲ್ಲಿ ಬೇರೆಯವರ ಕೈಯಲ್ಲಿರಬಹುದು. ಯಾವ ಹೊತ್ತಿಗೆ ಕರೆ ಮಾಡಬಹುದೆಂದು ಮೊದಲೇ ಕೇಳಿ ಕಡತದ ಮೇಲೆ ಬರೆದಿರಬೇಕು, ಬೇರೆ ದನಿ ಕೇಳಿದರೆ ಸಂಸ್ಥೆಯ ಹೆಸರು ಹೇಳಬಾರದು.

ಡೈರಿಯ ತಕರಾರು ಇಲ್ಲಿಂದಲೇ ಹುಟ್ಟಿದ್ದು. ನಿಯಮದ ಪ್ರಕಾರ ಡೈರಿಯನ್ನು ಮಾರ್ಗದರ್ಶಕರೂ ಕಾಲೇಜಿನ ಅಧ್ಯಾಪಕರೂ ನೋಡಿ ಅಂಕ ಕೊಡುತ್ತಾರೆ. ವಿವರ ಹೆಚ್ಚಿದ್ದಷ್ಟೂ ಒಳ್ಳೆಯ ಡೈರಿ ಎಂದು ವಿದ್ಯಾರ್ಥಿ ತಿಳಿಯುವುದು ಸಹಜ. ಅದರಲ್ಲಿ ಹೆಸರು, ಊರು, ಕೇಸ್ ನಂಬರು ಇದ್ದರೆ ಅವು ಕಾಲೇಜಿನ ಬೀರುವಿಗೆ ಹೋದಂತೆ. ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಪ್ರಕಟಿಸುವುದು ನ್ಯಾಯ ಸಂಹಿತೆಯ ಸೆಕ್ಷನ್ 72ರಡಿ ಅಪರಾಧ. ಸಣ್ಣ ಊರಿನಲ್ಲಿ ಹೆಸರು ಬಿಟ್ಟು "ಅಂಗನವಾಡಿ ಶಿಕ್ಷಕಿ, ಎರಡು ಮಕ್ಕಳು" ಎಂದರೂ ಗುರುತು ಸಿಗುತ್ತದೆ. ಯಾವ ಅರ್ಜಿ, ಯಾವ ಸೆಕ್ಷನ್, ಯಾವ ಹಂತ, ತಾನು ಏನು ಮಾಡಿದೆ ಎಂಬಷ್ಟೇ ಇದ್ದ ಡೈರಿಗೂ ಪೂರ್ತಿ ಅಂಕ ಸಿಗುವಂತೆ ಕಾಲೇಜುಗಳು ಒಪ್ಪಬೇಕು.

ಹಣದ ಪ್ರಶ್ನೆಯಲ್ಲಿ 2008ರ ನಿಯಮ ಸ್ಟೈಪೆಂಡ್ ಕಡ್ಡಾಯ ಮಾಡಿಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದ ಮೇಲೆ, ಆ ಹಣದಲ್ಲಿ ನಡೆಯುವ ಸಂಸ್ಥೆಗಳಿಗೆ ಖಾಯಂ ಸಿಬ್ಬಂದಿ ಇಟ್ಟುಕೊಳ್ಳುವುದೇ ಕಷ್ಟ. ಸಿಬ್ಬಂದಿ ಕಡಿಮೆಯಾದಷ್ಟೂ ಕಡತಗಳು ಇಂಟರ್ನ್‌ಗಳ ಕೈಗೆ ಜಾರುತ್ತವೆ. ಬೆಂಗಳೂರಿನಲ್ಲಿ ಒಂದು ತಿಂಗಳು ಪಿಜಿ ಬಾಡಿಗೆ ಕಟ್ಟಿ ಪುಕ್ಕಟೆ ದುಡಿಯುವುದು ಬೀದರಿನ ಅಥವಾ ಚಾಮರಾಜನಗರದ ಬಡ ವಿದ್ಯಾರ್ಥಿನಿಗೆ ಆಗದ ಮಾತು. ಕಳೆದುಕೊಳ್ಳುವವರು ಯಾರೆಂದು ನೋಡಿ: ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕನ್ನಡದಲ್ಲೇ ಓದಿ ಬರೆಯುವ, ಆ ಹೆಂಗಸಿನ "ಆಷಾಢ"ವನ್ನು ಒಂದೇ ಸಲಕ್ಕೆ ತಿಳಿದುಕೊಳ್ಳಬಲ್ಲ ಮಕ್ಕಳು. ಇಂಗ್ಲಿಷ್ ಕರಡು ಚೆನ್ನಾಗಿ ಬರೆಯುವವರಿಗೆ ಆಯ್ಕೆಯಲ್ಲಿ ಮೊದಲ ಮಣೆ ಸಿಗುತ್ತದೆ, ಅವರಿಗೆ ಕನ್ನಡ ಬಾರದಿದ್ದರೆ ಹೇಳಿಕೆ ಬರೆದುಕೊಳ್ಳಲು ಮತ್ತೊಬ್ಬರು ಪಕ್ಕದಲ್ಲಿ ಕೂರಬೇಕಾಗುತ್ತದೆ. ಕೊರೊನಾ ಕಾಲದಲ್ಲಿ ಹರಡಿದ ಆನ್‌ಲೈನ್ ಇಂಟರ್ನ್‌ಶಿಪ್ ಬಾಡಿಗೆಯ ಹೊರೆ ಇಳಿಸಿತಾದರೂ, ತೀರ್ಪು ಹುಡುಕುವ ಕೆಲಸವನ್ನಷ್ಟೇ ಉಳಿಸಿತು.

ಇಂಟರ್ನ್‌ಗಳ ಸ್ವಂತ ರಕ್ಷಣೆಯ ಮಾತನ್ನೂ ಮೊದಲ ದಿನವೇ ಹೇಳಬೇಕು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಸಂಬಳವಿರಲಿ ಇಲ್ಲದಿರಲಿ ತರಬೇತಿಯವರನ್ನೂ ಉದ್ಯೋಗಿ ಎಂದೇ ಎಣಿಸುತ್ತದೆ. 10ಕ್ಕಿಂತ ಕಡಿಮೆ ಜನರಿರುವ ಕಚೇರಿಯಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ.

4 ವಾರದ ಮಿತಿ ಸದ್ಯ ಹಾಗೇ ಇದೆ. ಅದರೊಳಗೆ ಆಗಬಹುದಾದ್ದು ಎರಡು. ಒಂದು, ಅದೇ ವಿದ್ಯಾರ್ಥಿಯನ್ನು ಪ್ರತಿ ವರ್ಷದ ರಜೆಯಲ್ಲೂ ಅದೇ ಸಂಸ್ಥೆಗೆ, ಸಾಧ್ಯವಾದರೆ ಅವೇ ಕಡತಗಳಿಗೆ ಕರೆಸಿಕೊಳ್ಳುವುದು. ಇನ್ನೊಂದು, ಕೊನೆಯ ಎರಡು ದಿನವನ್ನು ಬೀಳ್ಕೊಡುಗೆಗೆ ಕಳೆಯದೆ ಹಸ್ತಾಂತರದ ಹಾಳೆಗೆ ಮೀಸಲಿಡುವುದು. ಒಂದು ಕಡತಕ್ಕೆ ಒಂದೇ ಪುಟ ಸಾಕು. ಕೇಸನ್ನು ಗುರುತಿಸಲು ಕೋರ್ಟು ಕೊಡುವ 16 ಅಂಕಿಅಕ್ಷರಗಳ ಸಿಎನ್ಆರ್ ನಂಬರು, ಮುಂದಿನ ತಾರೀಖು ಮತ್ತು ಅಂದು ನಡೆಯಬೇಕಾದ್ದು, ಕೋರ್ಟಿಗೆ ಕೊಟ್ಟ ಮೂಲ ದಾಖಲೆಗಳು ಯಾವುವು, ಅವಳ ಬಳಿ ಉಳಿದವು ಯಾವುವು, ದೂರಿಗೆ ಠಾಣೆಯಿಂದ ಲಿಖಿತ ಉತ್ತರವಾದ ಹಿಂಬರಹ ಬಂದಿದೆಯೇ, ಕರೆ ಮಾಡಬಹುದಾದ ಹೊತ್ತು, ಮತ್ತೆ ಕೇಳಬಾರದ ಪ್ರಶ್ನೆಗಳು. ಕೊನೆಯ ಸಾಲಿನಲ್ಲಿ, ಸೋಮವಾರದಿಂದ ಅವಳ ಫೋನ್ ಎತ್ತುವವರ ಹೆಸರು.