ಗೋಳಗುಚ್ಛದಲ್ಲಿ ಎಕ್ಸ್-ರೇ ಚುಕ್ಕಿ ಹುಡುಕುವುದು ಹೇಗೆ?

ಗೋಳಗುಚ್ಛ ಅಂದರೆ ಲಕ್ಷಗಟ್ಟಲೆ ಮುದಿ ನಕ್ಷತ್ರಗಳ ಒತ್ತಾದ ಗುಂಪು. ನಮ್ಮ ಗೆಲಾಕ್ಸಿಯ ನಕ್ಷತ್ರಗಳಲ್ಲಿ ಸಾವಿರಕ್ಕೆ ಒಂದು ಪಾಲೂ ಇವುಗಳಲ್ಲಿಲ್ಲ. ಆದರೂ ಪ್ರಖರ ಎಕ್ಸ್-ರೇ ಜೋಡಿಗಳು (ಒಂದನ್ನೊಂದು ಸುತ್ತುತ್ತಾ ಎಕ್ಸ್-ರೇ ಹೊಮ್ಮಿಸುವ ಎರಡು ನಕ್ಷತ್ರಗಳು) ಇಲ್ಲಿ ಆ ಪಾಲಿಗಿಂತ ನೂರು ಪಟ್ಟಿನಷ್ಟು ಜಾಸ್ತಿ ಅಂತ 1970ರ ದಶಕದಲ್ಲೇ ಗೊತ್ತಾಯಿತು. ಕಾರಣ ಇಕ್ಕಟ್ಟು. ಹಾದುಹೋಗುವ ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಪುಟ್ಟ, ಭಾರೀ ತಿರುಳು) ಒಂದು ಜೋಡಿಯೊಳಗೆ ನುಗ್ಗಿ, ಇದ್ದವರಲ್ಲಿ ಹಗುರಾದದ್ದನ್ನು ಹೊರಗೆ ತಳ್ಳಿ, ತಾನೇ ಆ ಜಾಗ ಹಿಡಿಯುತ್ತದೆ. ಆಮೇಲೆ ಸಂಗಾತಿಯ ಅನಿಲ ಅದರ ಮೇಲೆ ಸುರಿದು, ಕೋಟಿ ಡಿಗ್ರಿ ಕಾದು, ಎಕ್ಸ್-ರೇ ಹೊಮ್ಮುತ್ತದೆ.

ಪ್ರಖರವಾದವು ಕೆಲವೇ. ಮಂಕಾದವನ್ನು ಹುಡುಕುವುದೇ ಕಷ್ಟ. 47 ಟುಕಾನೆ ನೋಡಿ, ದಕ್ಷಿಣದ ಆಕಾಶದಲ್ಲಿ ಸುಮಾರು 15,000 ಜ್ಯೋತಿರ್ವರ್ಷ ದೂರದ ಗುಚ್ಛ. ಎಕ್ಸ್-ರೇಯಲ್ಲಿ ಆಕಾಶ ನೋಡುತ್ತಿದ್ದ ರೋಸ್ಯಾಟ್ ಉಪಗ್ರಹಕ್ಕೆ ಅದರ ನಡುಭಾಗದಲ್ಲಿ ಐದೇ ಚುಕ್ಕಿ ಕಂಡಿದ್ದವು. 2000ದಲ್ಲಿ ಚಂದ್ರ ಎಂಬ ಹೆಸರಿನ ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕ ತಿರುಗಿ ನೋಡಿದಾಗ ಎಣಿಕೆ ನೂರು ದಾಟಿತು! ಚಂದ್ರಕ್ಕೆ ಸುಮಾರು ಅರ್ಧ ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು) ಅಂತರದ ವಿವರವೂ ಕಾಣುತ್ತದೆ, ಅದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಚುಕ್ಕಿ ಸಿಕ್ಕಿತು, ಅದು ಏನು? ಮೊದಲು ಬಣ್ಣ, ಅಂದರೆ ಕಡಿಮೆ ಶಕ್ತಿಯ ಮತ್ತು ಹೆಚ್ಚು ಶಕ್ತಿಯ ಫೋಟಾನ್‌ಗಳ ಅನುಪಾತ. ಸದ್ಯ ಹೆಚ್ಚು ಅನಿಲ ಸುರಿಯದೆ ಸುಮ್ಮನಿರುವ ನ್ಯೂಟ್ರಾನ್ ನಕ್ಷತ್ರದಿಂದ ಹೆಚ್ಚಾಗಿ ಕಡಿಮೆ ಶಕ್ತಿಯವೇ ಬರುತ್ತವೆ. ಮಿಲಿಸೆಕೆಂಡ್ ಪಲ್ಸಾರ್ (ಸೆಕೆಂಡಿಗೆ ನೂರಾರು ಸಲ ತಿರುಗುವ ನ್ಯೂಟ್ರಾನ್ ನಕ್ಷತ್ರ) ಕೂಡ ಹಾಗೆಯೇ, ಆದರೆ ಇನ್ನೂ ಮಂಕು. ಸಂಗಾತಿಯ ಅನಿಲ ಎಳೆದುಕೊಳ್ಳುವ ಶ್ವೇತಕುಬ್ಜದಿಂದ (ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ತಿರುಳು) ಹೆಚ್ಚು ಶಕ್ತಿಯವು. ಆದರೆ ಗುಚ್ಛದ ಹಿಂದೆ ಎಲ್ಲೋ ದೂರದಲ್ಲಿರುವ ಗೆಲಾಕ್ಸಿಯ ಕಪ್ಪುಕುಳಿಯೂ ಇಂಥದೇ ಬಣ್ಣ ತೋರಿಸಬಹುದು, ಹಾಗಾಗಿ ಬಣ್ಣವೊಂದನ್ನೇ ನಂಬುವಂತಿಲ್ಲ.

ಆಮೇಲೆ ಹಬಲ್ ದೂರದರ್ಶಕ ತೆಗೆದ ಅದೇ ಗುಚ್ಛದ ನಕ್ಷತ್ರಗಳ ಚಿತ್ರದ ಜೊತೆ ಹೋಲಿಕೆ. ಇಲ್ಲಿ ತಾಳ್ಮೆ ಬೇಕು. ಎರಡು ನಕ್ಷೆಗಳ ನಡುವೆ ಚೂರು ಜರುಗಿದ್ದರೂ ತಪ್ಪು ನಕ್ಷತ್ರಕ್ಕೆ ಬೆರಳು ತೋರಿಸಿಬಿಡುತ್ತೇವೆ. ಅದಕ್ಕೇ ರೇಡಿಯೋದಿಂದ ಖಚಿತ ಜಾಗ ಗೊತ್ತಿರುವ ಪಲ್ಸಾರ್‌ಗಳನ್ನು ಗುರುತಾಗಿಟ್ಟುಕೊಂಡು ಎಕ್ಸ್-ರೇ ನಕ್ಷೆಯನ್ನು ಸರಿಪಡಿಸುತ್ತಾರೆ. ಇಷ್ಟಾದರೂ ಆ ಗುಂಪಿನಲ್ಲಿ ಆಕಸ್ಮಿಕವಾಗಿ ಹೊಂದುವ ನಕ್ಷತ್ರಗಳು ಇದ್ದೇ ಇರುತ್ತವೆ, ಅಲ್ವಾ? ಅದನ್ನು ಅಳೆಯುವ ಉಪಾಯ ನನಗೆ ತುಂಬಾ ಇಷ್ಟ: ಇಡೀ ಎಕ್ಸ್-ರೇ ಪಟ್ಟಿಯನ್ನು ಬೇಕೆಂದೇ ಕೆಲವು ಆರ್ಕ್ ಸೆಕೆಂಡ್ ಪಕ್ಕಕ್ಕೆ ಸರಿಸಿ ಮತ್ತೆ ಹೋಲಿಸುವುದು. ಆಗ ಹೊಂದಿದವೆಲ್ಲ ಸುಳ್ಳು. ನಿಜವಾದ ಪಟ್ಟಿಯಲ್ಲೂ ಸುಮಾರು ಅಷ್ಟೇ ಸುಳ್ಳು ಇರಬೇಕು ಅಂತ ಲೆಕ್ಕ.

ಜಾಗ ಖಚಿತವಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಂ15 ಗುಚ್ಛ ಸಾಕ್ಷಿ. ಅಲ್ಲಿ ಒಂದೇ ಪ್ರಖರ ಮೂಲ ಇದೆ ಅಂದುಕೊಂಡಿದ್ದರು. ಅದರ ಅನಿಲದ ತಟ್ಟೆ ನ್ಯೂಟ್ರಾನ್ ನಕ್ಷತ್ರವನ್ನು ಮರೆಮಾಡಿದಂತೆ ಕಾಣುತ್ತಿತ್ತು. ಆದರೆ ಅಲ್ಲಿಂದಲೇ ನಕ್ಷತ್ರದ ಮೇಲ್ಮೈಯನ್ನು ನೇರವಾಗಿ ತೋರಿಸುವ ಸ್ಫೋಟವೂ ಬಂದಿತ್ತು. ಎರಡೂ ಹೇಗೆ ನಿಜ? 2001ರಲ್ಲಿ ಚಂದ್ರದ ಚಿತ್ರದಿಂದ ಉತ್ತರ ಸಿಕ್ಕಿತು: ಅಲ್ಲಿದ್ದದ್ದು ಮೂರು ಆರ್ಕ್ ಸೆಕೆಂಡಿಗೂ ಕಡಿಮೆ ಅಂತರದಲ್ಲಿರುವ ಎರಡು ಬೇರೆ ಬೇರೆ ಮೂಲಗಳು.