ಅಜ್ಜನ ವಾಚು ಯಾಕೆ ಹೊಳೆಯುವುದಿಲ್ಲ

ಕಕ್ಕಡ ತಿಂಗಳ ಮಳೆಗೆ ಕೊಡಗಿನ ನಾಪೋಕ್ಲು ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ತೋಟದಲ್ಲಿ ಎಲ್ಲೋ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದಿರುತ್ತದೆ. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಡುತ್ತದೆ. ಹಾಗೆ ಮೂರನೇ ರಾತ್ರಿಯೂ ಕತ್ತಲಲ್ಲಿ ಕೂತಿದ್ದಾಗ ಅಕ್ಕನ ಮಗ ಕೇಳಿದ: "ಮಾವ, ಕೈಗಾದಲ್ಲಿ ಅಣುವಿನಿಂದ ಕರೆಂಟ್ ಮಾಡ್ತಾರಲ್ಲ, ಆ ಅಣುವನ್ನೇ ಬಲ್ಬಿನೊಳಗೆ ಇಟ್ಟುಬಿಟ್ಟರೆ ವೈರೇ ಬೇಡ ಅಲ್ವಾ?"

ಚೆನ್ನಾಗಿ ಕೇಳಿದ. ಅಂಥ ದೀಪ ನೂರು ವರ್ಷಕ್ಕೂ ಹಿಂದೆಯೇ ಬಂದಿದೆ. ನಮ್ಮ ಮನೆಯ ಪೆಟ್ಟಿಗೆಯಲ್ಲೇ ಒಂದಿದೆ. ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಅಜ್ಜ ತಂದ ಕೈಗಡಿಯಾರ ಅದು. ಅದರ ಅಂಕಿಗಳ ಮೇಲೆ ಬಳಿದದ್ದು ನಿಜವಾದ ರೇಡಿಯಂ.

ನಿಜವಾದ ಅಂತ ಒತ್ತಿ ಹೇಳಬೇಕು. ಯಾಕೆಂದರೆ ನಮ್ಮಲ್ಲಿ ಹೊಳೆಯುವುದೆಲ್ಲ ರೇಡಿಯಂ. ಜೀಪಿನ ಹಿಂದೆ ಹೆಸರು ಬರೆಸಲು ಮಡಿಕೇರಿಯ ಸ್ಟಿಕ್ಕರ್ ಅಂಗಡಿಗೆ ಹೋಗಿ "ರೇಡಿಯಂ ಹಾಕಿ" ಅನ್ನುತ್ತೇವೆ. ಅದರಲ್ಲಿ ರೇಡಿಯಂ ಒಂದು ಕಣವೂ ಇಲ್ಲ. ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತವೆ, ಅಷ್ಟೆ. ಮಕ್ಕಳ ಕೋಣೆಯ ಚಾವಣಿಗೆ ಅಂಟಿಸುವ ನಕ್ಷತ್ರಗಳದ್ದು ಬೇರೆ ಕಥೆ. ಅವು ಹಗಲಿನ ಬೆಳಕನ್ನು ಕುಡಿದಿಟ್ಟುಕೊಂಡು ರಾತ್ರಿ ಮೆಲ್ಲಗೆ ಬಿಡುತ್ತವೆ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಾರನೇ ದಿನ ಸುಮ್ನೆ ಪ್ಲಾಸ್ಟಿಕ್ ತುಂಡು. ರೇಡಿಯಂ ಬಣ್ಣಕ್ಕೆ ಹೊರಗಿನ ಬೆಳಕೇ ಬೇಡ.

ರೇಡಿಯಂ ಅನ್ನು ಮೇರಿ ಮತ್ತು ಪಿಯರಿ ಕ್ಯೂರಿ ಕಂಡುಹಿಡಿದದ್ದು 1898ರಲ್ಲಿ. ಅದರ ಪರಮಾಣುಗಳು ತಾವಾಗಿಯೇ ಒಡೆಯುತ್ತಿರುತ್ತವೆ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣುಗಳು ಒಡೆದು, ಒಂದೊಂದೂ ಒಂದು ಆಲ್ಫಾ ಕಣವನ್ನು ಸಿಡಿಸುತ್ತದೆ. ಈ ಕಣಗಳು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಪಕ್ಕದಲ್ಲಿ ಸತುವಿನ ಸಲ್ಫೈಡ್ ಪುಡಿ ಇದ್ದರೆ, ಬಡಿದ ಜಾಗದಲ್ಲಿ ಒಂದು ಹಸಿರು ಕಿಡಿ ಮೂಡುತ್ತದೆ. 1903ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಇದನ್ನು ನೋಡಲೆಂದೇ ಒಂದು ಪುಟ್ಟ ಕೊಳವೆ ಮಾಡಿದರು. ಒಂದು ತುದಿಯಲ್ಲಿ ಲೆನ್ಸ್, ಇನ್ನೊಂದು ತುದಿಯಲ್ಲಿ ಆ ಪುಡಿ ಬಳಿದ ತೆರೆ, ಅದರ ಮುಂದೆ ಸೂಜಿಮೊನೆಯಷ್ಟು ರೇಡಿಯಂ. ಕತ್ತಲಲ್ಲಿ ಕಣ್ಣು ಪಳಗಿದ ಮೇಲೆ ನೋಡಿದರೆ ಎಸರು ಕುದಿಯುವ ಹಾಗೆ ಚುಕ್ಕಿಗಳು ಎದ್ದು ಅಡಗುತ್ತವೆ. ಒಂದು ಚುಕ್ಕಿ ಅಂದರೆ ಒಂದು ಪರಮಾಣುವಿನ ಸಾವು. ದೂರದಿಂದ ನೋಡಿದರೆ ಎಲ್ಲ ಬೆರೆತು ಮಂದ ಬೆಳಕಾಗುತ್ತದೆ.

ಅಜ್ಜನ ವಾಚು ಈಗ ಹೊಳೆಯುವುದಿಲ್ಲ. ಅಂಕಿಗಳು ಕಾಫಿ ಕಲೆಯ ಬಣ್ಣಕ್ಕೆ ತಿರುಗಿವೆ. ರೇಡಿಯಂ ಮುಗಿದುಹೋಯಿತು ಅಂತ ಮನೆಯವರ ನಂಬಿಕೆ. ಅದು ತಪ್ಪು. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಎಂಬತ್ತು ವರ್ಷದಲ್ಲಿ ಕಳೆದಿರುವುದು ನೂರಕ್ಕೆ ಮೂರೂವರೆ ಪಾಲು. ಸೋತಿರುವುದು ಸತುವಿನ ಪುಡಿ. ಆಲ್ಫಾ ಕಣಗಳ ಹೊಡೆತ ತಿಂದು ತಿಂದು ಅದರ ಹರಳುಗಳು ಹಾಳಾಗಿವೆ. ದೀಪ ಆರಿದೆ, ಬೆಂಕಿ ಆರಿಲ್ಲ. ಹಾಗಾಗಿ ಇಂಥ ವಾಚು ನಿಮ್ಮ ಮನೆಯಲ್ಲೂ ಇದ್ದರೆ ಗಾಜು ಬಿಚ್ಚಬೇಡಿ, ಅಂಕಿಗಳನ್ನು ಕೆರೆಯಬೇಡಿ. ಉದುರುವ ಧೂಳು ಉಸಿರಿನಲ್ಲಿ ಒಳಗೆ ಹೋಗಬಾರದು.

ಒಳಗೆ ಹೋದರೆ ಏನಾಗುತ್ತದೆ ಅನ್ನುವುದನ್ನು ಲೋಕಕ್ಕೆ ತೋರಿಸಿದವರು ಅಮೆರಿಕದ ಹುಡುಗಿಯರು. 1917ರ ಸುಮಾರಿಗೆ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಅವರು ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲಿ ಅಂತ ಪ್ರತಿ ಸಲವೂ ತುಟಿಗಿಟ್ಟು ಎಳೆದುಕೊಳ್ಳುತ್ತಿದ್ದರು. ಏನೂ ಆಗಲ್ಲ ಅಂತ ಮೇಲಿನವರು ಹೇಳಿದ್ದರು. ಕೆಲವರು ಖುಷಿಗೆ ಉಗುರಿಗೂ ಬಳಿದುಕೊಂಡರು. ದೇಹ ರೇಡಿಯಂ ಅನ್ನು ಕ್ಯಾಲ್ಸಿಯಂ ಅಂದುಕೊಂಡು ಮೂಳೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಲ್ಲು ಉದುರಿದವು, ದವಡೆ ಕೊಳೆಯಿತು, ಎಷ್ಟೋ ಜನ ಚಿಕ್ಕ ವಯಸ್ಸಿಗೇ ಸತ್ತರು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಗೆಳತಿಯರು 1927ರಲ್ಲಿ ಕೋರ್ಟಿಗೆ ಹೋದರು. ಮರುವರ್ಷ ಪರಿಹಾರದ ಒಪ್ಪಂದವಾಯಿತು. ಆ ವಾಚನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅಜ್ಜನಿಗಿಂತ ಜಾಸ್ತಿ ಅದರ ಅಂಕಿಗಳನ್ನು ಬರೆದ ಕೈ ನೆನಪಾಗುತ್ತದೆ. ಅದು ಯಾರ ಕೈಯೋ.

ಈಗಿನ ಕೆಲವು ವಾಚುಗಳಿಗೆ ಬಂದಿರುವುದು ಟ್ರಿಟಿಯಂ. ಇದು ಹೈಡ್ರೋಜನ್ನಿನ ಭಾರದ ಅಣ್ಣ, ಒಂದು ಅನಿಲ. ಅಕ್ಕಿಕಾಳಿಗಿಂತ ಸಣ್ಣ ಗಾಜಿನ ಕೊಳವೆಯ ಒಳಗೋಡೆಗೆ ಹೊಳೆಯುವ ಪುಡಿ ಬಳಿದು, ಅನಿಲ ತುಂಬಿ, ಲೇಸರಿನಿಂದ ಬಾಯಿ ಮುಚ್ಚುತ್ತಾರೆ. ಟ್ರಿಟಿಯಂ ಬಿಡುವ ಬೀಟಾ ಕಣ ಗಾಳಿಯಲ್ಲಿ ಆರು ಮಿಲಿಮೀಟರ್ ದಾಟುವುದೂ ಕಷ್ಟ. ಚರ್ಮದ ಮೇಲಿನ ಸತ್ತ ಪದರವೇ ಅದನ್ನು ತಡೆಯುತ್ತದೆ, ಗಾಜಂತೂ ಸರಿಯೇ ಸರಿ. ಅಪಾಯ ಇರುವುದು ಅದು ನೀರಿಗೆ ಸೇರಿ ಹೊಟ್ಟೆಗೆ ಹೋದಾಗ. 2009ರಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ರಿಯಾಕ್ಟರಿನಲ್ಲಿ ಬಳಸುವ, ಟ್ರಿಟಿಯಂ ಇದ್ದ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಸೇರಿದ್ದು ಹಾಗೆಯೇ.

ಟ್ರಿಟಿಯಂ 12.3 ವರ್ಷಕ್ಕೆ ಅರ್ಧವಾಗುತ್ತದೆ. ಅಂದರೆ ಬೆಳಕೂ ಅರ್ಧ. ಇಲ್ಲೇ ಇರುವುದು ಈ ದೀಪಗಳ ಗುಟ್ಟು. ಬೇಗ ಕರಗುವುದು ಜೋರಾಗಿ ಉರಿಯುತ್ತದೆ, ನಿಧಾನಕ್ಕೆ ಕರಗುವುದು ಮಂದವಾಗಿ. ಗ್ರಾಂ ಲೆಕ್ಕದಲ್ಲಿ ರೇಡಿಯಂಗಿಂತ ಟ್ರಿಟಿಯಂನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಪರಮಾಣುಗಳು ಒಡೆಯುತ್ತವೆ. ಆದರೂ ಒಂದು ಗ್ರಾಂನಿಂದ ಸಿಗುವ ಶಕ್ತಿ ವ್ಯಾಟಿನ ಮೂರನೇ ಒಂದು ಪಾಲು ಮಾತ್ರ.

ಹುಡುಗನ ಬಲ್ಬಿನ ಲೆಕ್ಕವನ್ನು ಕತ್ತಲಲ್ಲೇ ಬಾಯಲ್ಲಿ ಮಾಡಿದೆವು. ಅಡುಗೆಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿನಷ್ಟು ಶಕ್ತಿಗೆ 27 ಗ್ರಾಂ ಟ್ರಿಟಿಯಂ ಬೇಕು. ಗ್ರಾಂಗೆ ಸುಮಾರು 30,000 ಡಾಲರ್. ಎಂಟು ಲಕ್ಷ ಡಾಲರ್ ದಾಟಿತು. ಅಷ್ಟು ಕೊಟ್ಟರೂ ಆ ಶಕ್ತಿಯ ಸಣ್ಣ ಪಾಲು ಮಾತ್ರ ಬೆಳಕಾಗುತ್ತದೆ, ಹನ್ನೆರಡು ವರ್ಷಕ್ಕೆ ಅದೂ ಅರ್ಧ. ವಾಚಿನಲ್ಲಿ ಇರುವುದು ಗ್ರಾಂನ ಲಕ್ಷದಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ.

"ಹಾಗಾದ್ರೆ ಇದರಿಂದ ಏನು ಉಪಯೋಗ?" ಅಂದ.

ಅವನ ಅಪ್ಪ, ನಮ್ಮ ಭಾವ, ಸೇನೆಯಲ್ಲಿದ್ದವರು. ಕೈಯಲ್ಲಿದ್ದ ಟ್ರಿಟಿಯಂ ವಾಚು ಬಿಚ್ಚಿ ಒಳಗೆ ಹೋಗಿ ಎಲ್ಲೋ ಇಟ್ಟು ಬಂದರು. ಮೇಣದಬತ್ತಿ ಆರಿಸಿದೆವು. ಮೊದಲು ಏನೂ ಕಾಣಲಿಲ್ಲ. ಪೂರ್ತಿ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಹಾಗೆ ಹೊಂದಿಕೊಂಡ ಕಣ್ಣಿಗೆ ಚೆನ್ನಾಗಿ ಹತ್ತುವುದು ಹಸಿರು ಬೆಳಕು. ಓಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಹುಡುಗ ಎದ್ದು, ಯಾವುದಕ್ಕೂ ಎಡವದೆ, ನೇರ ಅಡುಗೆಮನೆಯ ಗೂಡಿನತ್ತ ಹೋದ. ಅಲ್ಲಿ ಸಣ್ಣ ಹಸಿರು ಗೆರೆಗಳು ದುಂಡಗೆ ಸಾಲಾಗಿ ನಿಂತಿದ್ದವು. ವಾಚಿನ ಪಕ್ಕದಲ್ಲೇ ಟಾರ್ಚ್ ಇತ್ತು.